ಅರ್ಧ ಮೀಸೆ ಬಾಜಿಯ ಅಪಾಯ ಅಳೆಯುವ ಬಗ್ಗೆ

ಬಾಜಿ ಅಪಾಯ ಮಾಪನ ಕಚೇರಿ
ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ವಲಯ

ಸಂಖ್ಯೆ: ಬಾಅಮಾ/ಮೀಸೆ/ಅರ್ಧ/2024-25
ದಿನಾಂಕ: ಚಪ್ಪರ ಹಾಕುವ ಹಿಂದಿನ ದಿನ

ಸುತ್ತೋಲೆ

ವಿಷಯ: ಹಣವಿಲ್ಲದೆ ಕಟ್ಟುವ ಬಾಜಿಗಳ ಅಪಾಯವನ್ನು ಅಳೆದು ದರ್ಜೆ ನಿಗದಿಪಡಿಸುವ ಹಾಗೂ ಅರ್ಧ ಮೀಸೆಯೊಂದರ ಬಗ್ಗೆ ತುರ್ತು ಕ್ರಮ ಕೈಗೊಳ್ಳುವ ಕುರಿತು.

ಉಲ್ಲೇಖ: ಹೊಳಲು ಗ್ರಾಮದ ಶ್ರೀಮತಿ ಸಣ್ಣತಾಯಮ್ಮನವರು ಕಚೇರಿಯ ಬಾಗಿಲಲ್ಲಿ ನಿಂತು ಏರುದನಿಯಲ್ಲಿ ಸಲ್ಲಿಸಿದ ಮೌಖಿಕ ದೂರು.

ಪ್ರಸ್ತಾವನೆ:

ದೂರುದಾರರ ಪತಿ ಶ್ರೀ ಅಂಕಯ್ಯನವರು ಆಲೆಮನೆಯಲ್ಲಿ ಕುದಿಯುತ್ತಿದ್ದ ಕಬ್ಬಿನ ಪಾಕವನ್ನು ನೋಡಿ, "ಈ ಸಲ ಬೆಲ್ಲ ಕಲ್ಲಾಯ್ತದೆ ಕಣ್ಲಾ, ಆಗ್ದಿದ್ರೆ ಮೀಸೆ ಬೋಳುಸ್ಕತೀನಿ" ಎಂದು ಬಾಮೈದ ಶ್ರೀ ಚಿಕ್ಕಬೋರಯ್ಯನವರೊಡನೆ ಬಾಜಿ ಕಟ್ಟಿರುತ್ತಾರೆ. ಕೂಡಲೇ ಮಗಳ ಮದುವೆ ನೆನಪಾಗಿ, ಅಪಾಯವನ್ನು ಅರ್ಧಕ್ಕೆ ಇಳಿಸುವ ಸದುದ್ದೇಶದಿಂದ ಬಾಜಿಯನ್ನು ಅರ್ಧ ಮೀಸೆಗೆ ಇಳಿಸಿರುತ್ತಾರೆ. ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗದೆ ಕೈಗೆ ಅಂಟಿಕೊಂಡಿದೆ. ಬಲಗಡೆಯ ಮೀಸೆಯನ್ನು ಅದೇ ಸಂಜೆ ತೆಗೆಯಲಾಗಿದೆ. ಉಳಿದದ್ದನ್ನೂ ತೆಗೆಸುವಂತೆ ಮಗಳು ಕುಮಾರಿ ನಾಗಶ್ರೀ ಕೋರಿದಾಗ, "ಸೋತಿರದು ಅರ್ಧ. ಇನ್ನರ್ಧ ನಾನ್ಯಾಕ್ ಕೊಡ್ಲವ್ವ?" ಎಂದು ಉತ್ತರಿಸಲಾಗಿದೆ. ಭಾನುವಾರ ಮದ್ದೂರಿನ ಛತ್ರದಲ್ಲಿ ಧಾರೆ. ಗಂಡಿನ ಕಡೆಯವರು ಇನ್ನೂ ನೋಡಿರುವುದಿಲ್ಲ.

ಮೇಲ್ಕಂಡ ಹಿನ್ನೆಲೆಯಲ್ಲಿ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಟೀ ಬಾಜಿಯ ಅಪಾಯ ಅತ್ಯಲ್ಪ. ಆದರೆ ಹಲಗೂರು ಬಸ್ ನಿಲ್ದಾಣದಲ್ಲಿ ಕಟ್ಟಿದಲ್ಲಿ, "ನಂಗೂ ಒಂದ್ ಯೋಳ್ಲಾ" ಎನ್ನುವವರ ಸಂಖ್ಯೆಯಿಂದ ಗುಣಿಸತಕ್ಕದ್ದು.

2. ವಡೆ ತಿನ್ನುವ ಬಾಜಿಯಲ್ಲಿ ಅಪಾಯವು ಗೆದ್ದವರಿಗೆ ಸೇರಿದ್ದು.

3. ಕರೆಂಟು ಯಾವಾಗ ಬರುತ್ತದೆಂಬ ಬಾಜಿಯಲ್ಲಿ ಲೈನ್‌ಮನ್‌ಗಳು ಭಾಗವಹಿಸುವಂತಿಲ್ಲ. ಅವರೂ ಸೋಲುತ್ತಿರುವುದು ಪರಿಶೀಲನೆಯಿಂದ ಕಂಡುಬಂದಿದ್ದು, ಸಾರ್ವಜನಿಕರ ಧೈರ್ಯ ಕುಗ್ಗುತ್ತಿದೆ.

4. ಮಾದಪ್ಪನ ಮೇಲೆ ಆಣೆಯಿಟ್ಟು ಕಟ್ಟುವ ಬಾಜಿಗಳನ್ನು ಅಳೆಯಲಾಗುವುದಿಲ್ಲ. ಸ್ವಾಮಿಯು ಜಾಮೀನಿಗೆ ಒಪ್ಪಿದ ಬಗ್ಗೆ ಕಚೇರಿಗೆ ಯಾವ ಸೂಚನೆಯೂ ಬಂದಿರುವುದಿಲ್ಲ. ಬಾರದಿರಲೆಂದು ಸಿಬ್ಬಂದಿ ದಿನವೂ ಕೈಮುಗಿಯತಕ್ಕದ್ದು.

5. ಪೂರ್ತಿ ಮೀಸೆ ಮಧ್ಯಮ ಅಪಾಯದ ದರ್ಜೆಗೆ ಸೇರುತ್ತದೆ. ಸೋತವರು ಹರಕೆಗೆ ಕೊಟ್ಟೆನೆಂದು ಹೇಳಿಕೊಳ್ಳಬಹುದು. ಅರ್ಧ ಮೀಸೆ ಪರಮಾವಧಿ ಅಪಾಯದ ದರ್ಜೆಯದು, ಏಕೆಂದರೆ ಅರ್ಧ ಹರಕೆಯು ಯಾವ ದೇವಸ್ಥಾನದಲ್ಲೂ ಚಾಲ್ತಿಯಲ್ಲಿಲ್ಲ. ಕೂದಲು ಕಡಿಮೆಯಾದಂತೆ ಅಪಾಯವೂ ಕಡಿಮೆಯಾಗುತ್ತದೆಂಬ ತಿಳಿವಳಿಕೆಯನ್ನು ಈ ಮೂಲಕ ರದ್ದುಪಡಿಸಲಾಗಿದೆ.

6. ಎಡಮೀಸೆ ಮಾತ್ರ ಉಳಿದವರು ಬೀಗರನ್ನು ಎಡ ಕೆನ್ನೆಯಿಂದಲೇ ಎದುರುಗೊಳ್ಳತಕ್ಕದ್ದು. ಬೀಗರು ಸುತ್ತಿ ಬಂದಲ್ಲಿ ತಾವೂ ಸುತ್ತತಕ್ಕದ್ದು.

7. ನಿನ್ನೆಯ ವಿಚಾರಣೆಯಲ್ಲಿ ದೂರುದಾರರು ತಮ್ಮನನ್ನು ಕುರಿತು, "ಲೇ ಬೋರ, ಎಣ್ಣ ಹಸೆಗೆ ಕರ್ಕಂಡ್ ಬರೋ ಸೋದರಮಾವ ನೀನು. ಪಕ್ಕದಲ್ಲಿ ನಿಮ್ಮ ಬಾವ ಇಂಗ್ ನಿಂತ್ರೆ ಜನ ಯಾರ್ನ ನೋಡಿ ನಗ್ತಾರ್ಲಾ?" ಎಂದು ಕೇಳಿರುತ್ತಾರೆ. ಶ್ರೀ ಚಿಕ್ಕಬೋರಯ್ಯನವರು ಹೊರನಡೆದಿದ್ದು, ಮರಳಿದಾಗ ಅವರ ಎಡಗಡೆಯ ಮೀಸೆ ಇರುವುದಿಲ್ಲ. "ಇಬ್ರುನ್ನೂ ನೋಡಿ ನಗ್ಲಿ ಬುಡಕ್ಕ" ಎಂದಿರುತ್ತಾರೆ. ಬಾಜಿ ಗೆದ್ದವರು ತಾವಾಗಿ ಮಾಡಿಕೊಂಡ ನಷ್ಟವನ್ನು ಅಳೆಯುವ ಸಾಧನ ಈ ಕಚೇರಿಯಲ್ಲಿ ಲಭ್ಯವಿಲ್ಲ. ಶ್ರೀ ಅಂಕಯ್ಯನವರು ತಾವು ಕುಳಿತಿದ್ದ ಕುರ್ಚಿಯನ್ನು ಬಾಮೈದನಿಗೆ ಬಿಟ್ಟುಕೊಟ್ಟಿರುತ್ತಾರೆ.

8. ಆದಕಾರಣ ಧಾರೆಯ ಹೊತ್ತಿನಲ್ಲಿ ಶ್ರೀ ಅಂಕಯ್ಯನವರ ಎಡಕ್ಕೆ ಶ್ರೀ ಚಿಕ್ಕಬೋರಯ್ಯನವರು ಭುಜಕ್ಕೆ ಭುಜ ತಾಗಿಸಿ ನಿಲ್ಲತಕ್ಕದ್ದು. ಹೆಣ್ಣಿನ ಕಡೆಯಲ್ಲಿ ಒಂದು ಪೂರ್ತಿ ಮೀಸೆ ಇರುವುದಾಗಿ ಪರಿಗಣಿಸಲಾಗುವುದು.

ಸಹಿ/-
ಮುಖ್ಯ ಅಪಾಯ ಮಾಪಕರು
(ಚಪ್ಪರದ ಕೆಲಸಕ್ಕೆ ರಜೆಯ ಮೇಲೆ ತೆರಳುವ ಮುನ್ನ)

ಪ್ರತಿಗಳು:

ಫೋಟೋ ತೆಗೆಯುವವರಿಗೆ: ಇಬ್ಬರನ್ನೂ ಬಿಡಿಬಿಡಿಯಾಗಿ ತೆಗೆಯಬಾರದು.

ಹೊಳಲಿನ ಕಟಿಂಗ್ ಶಾಪಿಗೆ: ಭಾನುವಾರದವರೆಗೆ ಇವರಿಬ್ಬರಿಗೂ ಕುರ್ಚಿ ನೀಡತಕ್ಕದ್ದಲ್ಲ.

ಗಂಡಿನ ತಂದೆ ಶ್ರೀ ಕೆಂಪರಾಜು ಅವರಿಗೆ: ಮಾಹಿತಿಗಾಗಿ. ಛತ್ರದಲ್ಲಿ ನಗಲು ಅನುಮತಿ ಇದೆ.