‘ಈಗ ತಗೊಳ್ಬೇಡ’ ಎನ್ನುವ ಭಾವ

ಮಂಗಳೂರಿನ ಕಂಪ್ಯೂಟರ್ ಅಂಗಡಿಯವರು ಯಾರಿಗಾದರೂ ಹೆದರುವುದಿದ್ದರೆ ಅದು ನನ್ನ ಭಾವನಿಗೆ ಮಾತ್ರ. ಅಕ್ಕನ ಗಂಡ ಎಂದು ಹೊಗಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ.

ಮದುವೆಗೆ ಮುಹೂರ್ತ ಕೇಳುವ ಹಾಗೆ, ನಮ್ಮ ಕುಟುಂಬದಲ್ಲಿ ಪ್ಲಗ್ ಇರುವ ಏನನ್ನೇ ಕೊಳ್ಳುವ ಮೊದಲೂ ಭಾವನನ್ನು ಕೇಳುವುದು ಪದ್ಧತಿ. ಉತ್ತರ ಮಾತ್ರ ಒಂದೇ: “ಈಗ ತಗೊಳ್ಬೇಡ ಮಾರಾಯ, ಸ್ವಲ್ಪ ಕಾದ್ರೆ ಇದಕ್ಕಿಂತ ಒಳ್ಳೆದು ಬರ್ತದೆ.” ಅವರ ಮಾತು ಕೇಳಿದ್ದರೆ ನಾವಿನ್ನೂ ರೇಡಿಯೋದ ಮುಂದೆ ಕೂತಿರಬೇಕಿತ್ತು! ನನ್ನ ಲ್ಯಾಪ್‌ಟಾಪ್ ಖರೀದಿಗೆಂದು ಪಂಪ್‌ವೆಲ್‌ನ ಅಂಗಡಿಗೆ ಬಂದವರು, ಪಕ್ಕದಲ್ಲಿ ನಿಂತಿದ್ದ ಗಿರಾಕಿಗೂ ಅದನ್ನೇ ಬೋಧಿಸಿದರು. ಅಂಗಡಿಯವನು ಬಹಳ ಮರ್ಯಾದೆಯಿಂದ, ತನ್ನದೇ ಖರ್ಚಿನಲ್ಲಿ, ಅವರನ್ನು ಎದುರಿನ ಹೋಟೆಲಿಗೆ ಚಾ ಕುಡಿಯಲು ಕಳುಹಿಸಿದ. ಅವರು ಮರಳುವಷ್ಟರಲ್ಲಿ ನನ್ನ ಖರೀದಿ ಮುಗಿದಿತ್ತು.

ಯಂತ್ರ ಎಂದೂ ತಪ್ಪು ಮಾಡುವುದಿಲ್ಲ, ತಪ್ಪೆಲ್ಲ ಬಳಸುವವರದು ಎಂಬುದು ಅವರ ಇನ್ನೊಂದು ಸಿದ್ಧಾಂತ. ಫೋನ್ ಬಿಸಿಯಾಗುತ್ತದೆ ಎಂದು ತೊಕ್ಕೊಟ್ಟಿನ ಚಿಕ್ಕಮ್ಮ ದೂರಿದಾಗ, ಫೋನು ಮುಟ್ಟದೆ ಚಿಕ್ಕಮ್ಮನನ್ನೇ ವಿಚಾರಣೆಗೆ ಒಳಪಡಿಸಿದರು. ಒಲೆಯ ಪಕ್ಕದಲ್ಲಿಟ್ಟು ವಿಡಿಯೋ ನೋಡುತ್ತ ನೀರುದೋಸೆ ಹೊಯ್ಯುವುದು ಬಯಲಾಯಿತು. ಅಂದಿನಿಂದ ಚಿಕ್ಕಮ್ಮ ಅವರ ಬಳಿ ಸಲಹೆ ಕೇಳುವುದಿಲ್ಲ.

ಅವರ ಸ್ವಂತ ಕಂಪ್ಯೂಟರೋ, ತಾವೇ ಜೋಡಿಸಿದ ಮುದಿ ಪೆಟ್ಟಿಗೆ. ಅದರ ಫ್ಯಾನ್ ತಿರುಗಿದರೆ ಅಕ್ಕಿ ಗಿರಣಿಯೊಳಗೆ ಕೂತ ಹಾಗಾಗುತ್ತದೆ. ಬದಲಾಯಿಸಿ ಎಂದರೆ, ತಿರುಗುತ್ತಾ ಉಂಟಲ್ಲ, ಮತ್ತೆ ಎಂತಕ್ಕೆ ಎನ್ನುತ್ತಾರೆ. ಅಕ್ಕ ಆ ಸದ್ದಿಗೆ ಒಂದು ದಿನವೂ ಗೊಣಗಿದವಳಲ್ಲ. ಎಂಥ ತಾಳ್ಮೆ ಎಂದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ಅಕ್ಕ, ತನ್ನ ಫೋನಿನಲ್ಲಿ ಸ್ವರವೇ ಬರುವುದಿಲ್ಲ ಎನ್ನತೊಡಗಿದಳು. ಮಸ್ಕತ್ತಿನಲ್ಲಿರುವ ಮಗಳು ಕರೆ ಮಾಡಿದರೆ, ಎರಡು ಮಾತಾಡಿ ಫೋನನ್ನು ಭಾವನ ಕೈಗೆ ಕೊಟ್ಟುಬಿಡುವಳು. ಈಗ ಅಕ್ಕನಿಗೂ ಪಾಠ ಉಂಟು ಎಂದು ನಾನು ಕಾದರೆ, ಭಾವ ಫೋನನ್ನೇ ಬೈದರು! ಅದರ ಸ್ಪೀಕರ್ ಸರಿ ಇಲ್ಲವಂತೆ. ಟಿ.ವಿ.ಯದೂ ಇಲ್ಲವಂತೆ, ಬಾಗಿಲ ಕರೆಗಂಟೆಯದೂ ಇಲ್ಲವಂತೆ. ಅನುಮಾನ ಬಂದು ಫೋನನ್ನು ಕಿವಿಗಿಟ್ಟರೆ ಕಿವಿತಮಟೆ ಹರಿಯುವಷ್ಟು ಸದ್ದು. ನಾನು ಬಾಯಿ ತೆರೆಯುವ ಮೊದಲೇ ಭಾವ ನನ್ನನ್ನು ಅಂಗಳಕ್ಕೆ ಎಳೆದರು.

“ಕಿವಿ ಹೋದದ್ದು ಅಂತ ಹೇಳಿದ್ರೆ ಇವಳೂ ನಿಮ್ಮ ಅಮ್ಮನ ಹಾಗೆ ಮೂಲೆ ಹಿಡೀತಾಳೆ. ಸದ್ಯಕ್ಕೆ ಫೋನೇ ಹಾಳಾಗಿರ್ಲಿ.”

ಅಮ್ಮ ಕಿವಿ ಮಂದವಾದ ಮೇಲೆ ಜನರೆದುರು ಕೂರುವುದನ್ನೇ ಬಿಟ್ಟಿದ್ದರು. ನಾನು ಮರೆತಿದ್ದೆ, ಅಳಿಯ ಮರೆತಿರಲಿಲ್ಲ.

ಭಾವ ಈ ಸಲ ಕಾಯಲಿಲ್ಲ, ಮುಂದೆ ಒಳ್ಳೆಯದು ಬರುತ್ತದೆ ಎನ್ನಲೂ ಇಲ್ಲ. ತಮ್ಮ ಕಿವಿ ಪರೀಕ್ಷೆಯ ನೆಪದಲ್ಲಿ ಅಕ್ಕನನ್ನೂ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಪ್ರಾಯವಾದ ಮೇಲೆ ಕನ್ನಡಕದ ಹಾಗೆ ಇದೂ ಒಂದು ಎಂದು ಅವಳನ್ನು ಒಪ್ಪಿಸಿದರು. ಅಕ್ಕನ ಕಿವಿಗೆ ಶ್ರವಣಯಂತ್ರ ಬಂದ ದಿನ ಅವರ ಕಿವಿಯಲ್ಲೂ ಒಂದು ಪುಟ್ಟ ಯಂತ್ರ ಕೂತಿತ್ತು. ಅದು ಅವರ ಗುಜರಿ ಡಬ್ಬಿಯಲ್ಲಿದ್ದ ಕೆಟ್ಟ ಇಯರ್‌ಫೋನ್ ಎಂಬುದು ನನಗೆ ಮಾತ್ರ ಗೊತ್ತು.

ಅಂದು ಸಂಜೆ ಮಗಳೊಡನೆ ಮನಸಾರೆ ಮಾತಾಡಿ ಮುಗಿಸಿದ ಅಕ್ಕ, ಭಾವನ ಕೋಣೆಯ ಬಾಗಿಲಲ್ಲಿ ಮುಖ ಕಿವುಚಿ ನಿಂತಳು.

“ಇದೆಂತ ಸದ್ದು? ನೀವು ಇಷ್ಟು ವರ್ಷ ಇದರೊಟ್ಟಿಗೆ ಹೇಗೆ ಕೂತದ್ದು?”

ಭಾವ ತಟ್ಟನೆ ಕಂಪ್ಯೂಟರ್ ಆರಿಸಿದರು. ಬೈಗುಳ ತಿಂದು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಕಂಡಿಲ್ಲ. ನನ್ನ ಕಣ್ಣೂ ತುಂಬಿ ಬಂತು. ಭಾವ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಲೇ ಚಪ್ಪಲಿ ಹುಡುಕಿದರು.

“ಬಾ, ಪಂಪ್‌ವೆಲ್‌ಗೆ ಹೋಗುವ. ಹೊಸ ಫ್ಯಾನ್ ಈಗ್ಲೇ ತಗೊಳ್ಬೇಕು.”