ಕೊಂಡಿಯಲ್ಲಿ ಎಡವಿದ ಇಲಿ

ನಮ್ಮ ಮಾಮಾ ಇಲಿಗಳ ಕಣ್ಣಿನ ಡಾಕ್ಟರು. ಹೀಗೆಂದರೆ ನೀವು ನಗುತ್ತೀರಿ, ಗೊತ್ತು. ಇಲಿ ಹಿಡಿಯುವವರನ್ನು ಕಂಡಿದ್ದೀರಿ, ಇಲಿಗೆ ಹೆದರಿ ಕುರ್ಚಿ ಹತ್ತುವವರನ್ನೂ ಕಂಡಿದ್ದೀರಿ. ಇಲಿಯನ್ನು ಅಂಗಾತ ಮಲಗಿಸಿ, ಕಣ್ಣು ಪರೀಕ್ಷಿಸಿ, "ಇದಕ್ಕ ದೃಷ್ಟಿ ಮಂದ ಐತಿ, ಬ್ಯಾರೇದ ಕೊಡ್ರಿ" ಎಂದು ಅಂಗಡಿಗೆ ವಾಪಸು ಮಾಡುವವರನ್ನು ಕಂಡಿದ್ದೀರಾ? ಇಳಕಲ್ಲಿಗೆ ಬನ್ನಿ, ತೋರಿಸುತ್ತೇನೆ. ಬಾಲವಿರುವ ಇಲಿಯೇ, ಸಂಶಯ ಬೇಡ. ಬಾಲದ ತುದಿ ಮಾತ್ರ ಕಂಪ್ಯೂಟರಿನಲ್ಲಿರುತ್ತದೆ.

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಹುಟ್ಟಿದ್ದು ನೇಕಾರರ ಮನೆಯಲ್ಲಿ, ಸೇರಿದ್ದು ಹುನಗುಂದದ ಸರಕಾರಿ ಕಚೇರಿಯ ಗುಮಾಸ್ತಿಕೆಗೆ. ಬಸ್‌ ಸ್ಟ್ಯಾಂಡಿನ ತನಕ ಸೈಕಲ್ಲು, ಮುಂದೆ ಬಸ್ಸು. ಸೈಕಲ್ಲಿನ ಗಂಟೆ ಯಾವ ಕಾಲದಲ್ಲೋ ಉದುರಿಹೋಗಿದ್ದರಿಂದ ಬಾಯಲ್ಲೇ "ಸರೀರಿ, ಸರೀರಿ" ಎನ್ನುತ್ತ ಹೋಗುತ್ತಿದ್ದರು. ಅತ್ತೆ, ಅಂದರೆ ಅವರ ಹೆಂಡತಿ, ಮನೆಯ ಕುಣಿ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು.

ಒಂದು ಸಲ ಮಗ್ಗದ ಕಟ್ಟಿಗೆಗೆ ಹುಳ ಹತ್ತಿತೆಂದು ದುರಸ್ತಿಗೆ ಬಿಚ್ಚಿದರು. ಅದೇ ವಾರ ಮಾಮಾನ ಕಂಪ್ಯೂಟರು ಮನೆಗೆ ಬಂತು! "ನಾಕ ದಿನ ಇಲ್ಲೇ ಇರಲಿ" ಎಂದು ಕುಣಿಯ ಅಂಚಿಗೆ ಹಲಗೆ ಹಾಕಿ, ಅದರ ಮೇಲೆ ಕಂಪ್ಯೂಟರ್ ಇಟ್ಟು, ಕಾಲು ಕೆಳಗೆ ಬಿಟ್ಟು ಕೂತರು. ಕೂತವರು ಏಳಲಿಲ್ಲ. ಮಗ್ಗದ ದುರಸ್ತಿ ಮುಗಿದು ಕಟ್ಟಿಗೆಗಳು ಗೋಡೆಗೆ ಆತು ನಿಂತವು; ಮಾಮಾ ಮಾತ್ರ ಪರದೆಯೊಳಗಿನ ಶತ್ರುಗಳಿಗೆ ಬಂದೂಕು ಹೊಡೆಯುತ್ತಲೇ ಇದ್ದರು.

"ಇಷ್ಟ ಹದವಾದ ಕುರ್ಚಿ ಜಗತ್ತಿನ್ಯಾಗ ಇಲ್ಲ ಯವ್ವಾ!" ಎಂದು ರಜೆಗೆ ಹೋದ ನನಗೆ ಹೇಳುತ್ತಿದ್ದರು.

"ಮಗ್ಗದ ಕುಣಿಯೊಳಗ ಕುಂತು ಬಂದೂಕ ಹೊಡ್ಯೂ ಗಂಡ ಸಿಗಾಕ ನಾ ಎಷ್ಟ ಪುಣ್ಯ ಮಾಡಿದ್ನೋ!" ಎಂದು ಅತ್ತೆ ಅಡುಗೆಮನೆಯಿಂದಲೇ ಗುಂಡು ಹಾರಿಸುತ್ತಿದ್ದರು. ಅವರ ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ.

ಮೊದಲು ಬಂದದ್ದು ಹೊಟ್ಟೆಯಲ್ಲಿ ಗುಂಡು ಉರುಳುವ ಇಲಿ. ಮಗ್ಗದ ಮನೆಯಲ್ಲಿ ಗಾಳಿಯ ತುಂಬ ಹತ್ತಿಯ ನವಿರು. ಅದನ್ನೆಲ್ಲ ನುಂಗಿ ನುಂಗಿ ಆ ಇಲಿಗೆ ದಿನವೂ ಅಜೀರ್ಣ! ಮಾಮಾ ಬೆಳಿಗ್ಗೆ ಸ್ನಾನ ಮಾಡಿ, ಅದರ ಹೊಟ್ಟೆ ಬಿಚ್ಚಿ, ಹತ್ತಿ ತೆಗೆದು ಬದಿಗಿಡುವರು. ಅತ್ತೆ ಅದನ್ನು ಹೊಸೆದು ದೇವರಿಗೆ ಬತ್ತಿ ಮಾಡುವರು. ಆ ಮನೆಯಲ್ಲಿ ಇಲಿಯಿಂದ ಆದ ಉಪಕಾರ ಅದೊಂದೇ ಎಂದು ಅತ್ತೆ ಇಂದಿಗೂ ಹೇಳುತ್ತಾರೆ.

ಆಮೇಲೆ ಬಂದವು ನೋಡಿ ಬೆಳಕಿನ ಇಲಿಗಳು, ಆಟಕ್ಕೆಂದೇ ಮಾಡಿದವು! ಹೊಟ್ಟೆಯ ಕೆಳಗೊಂದು ಪುಟ್ಟ ಕಣ್ಣು, ಅದಕ್ಕೆ ಸೆನ್ಸರ್ ಎಂದು ಹೆಸರು. ನೆಲದ ಫೋಟೋ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸಿ, ಎಷ್ಟು ಸರಿದೆ ಎಂದು ಅದು ತಾನೇ ತಿಳಿದುಕೊಳ್ಳುತ್ತದೆ. ಇದನ್ನು ಕೇಳಿದ್ದೇ ತಡ, ಮಾಮಾನ ನಿದ್ದೆ ಹಾರಿಹೋಯಿತು. ಎಲ್ಲ ಇಲಿಗಳ ಕಣ್ಣೂ ಒಂದೇ ಥರ ಇರುತ್ತದೆಯೇ? ಯಾವುದು ಚುರುಕು, ಯಾವುದು ಮಬ್ಬು? ಹುಬ್ಬಳ್ಳಿಗೆ ಹೋದಾಗೆಲ್ಲ ಒಂದು ಇಲಿ ಚೀಲದಲ್ಲಿ ಕೂತು ಬರತೊಡಗಿತು. ಬಂದವುಗಳನ್ನು ಚಾಪೆಯ ಮೇಲೆ, ಕೌದಿಯ ಮೇಲೆ, ರೊಟ್ಟಿ ಬಡಿಯುವ ಕಲ್ಲಿನ ಮೇಲೆ ಓಡಿಸಿದರು. ಇಳಕಲ್ಲಿನ ಪಾಲಿಶ್ ಮಾಡಿದ ಕೆಂಪು ಕಲ್ಲಿನ ಮೇಲಂತೂ ಒಂದೂ ನೆಟ್ಟಗೆ ಓಡಲಿಲ್ಲ. ಪರದೆಯ ಮೇಲಿನ ಬಾಣ ಎಲ್ಲೆಲ್ಲೋ ಜಾರಿತು. "ಕನ್ನಡಿ ಮ್ಯಾಲೆ ಏನ ಹುಡುಕತಾವ, ಪಾಪ!" ಎಂದು ಮರುಗಿದರು.

ಒಂದು ಇಲಿಯ ಕಥೆ ಹೇಳಲೇಬೇಕು. ಮಾಮಾ ಅದನ್ನು ಹಿಡಿದು ಪರದೆಯ ಮೇಲೆ ಒಂದು ಗೆರೆ ಎಳೆದರು. ಗೆರೆ ಅಳತೆಪಟ್ಟಿ ಇಟ್ಟಷ್ಟು ನೆಟ್ಟಗೆ ಬಂತು. ನಾನು ಚಪ್ಪಾಳೆ ತಟ್ಟಿದೆ. ಮಾಮಾ ಮುಖ ಗಂಟಿಕ್ಕಿದರು.

"ನನ್ನ ಕೈ ನಡುಗೇತಿ. ಗೆರಿ ಯಾಕ ನಡುಗಲಿಲ್ಲ?"

"ಚಲೋನ ಆತಲ್ಲ ಮಾಮಾ?"

"ಏನ ಚಲೋ? ಇದು ಸುಳ್ಳ ಹೇಳೂ ಇಲಿ! ಇವತ್ತ ನನ್ನ ನಡುಕ ಮುಚ್ಚಿಟ್ಟೈತಿ. ನಾಳಿ ಏನೇನ ಮುಚ್ಚಿಡತೈತೋ ಯಾರಿಗ್ಗೊತ್ತು!"

ಅದನ್ನು ಮರುದಿನವೇ ಮನೆಯಿಂದ ಹೊರಗೆ ಹಾಕಿದರು. ಮನುಷ್ಯರಲ್ಲೂ ಇಷ್ಟು ಸತ್ಯ ಹುಡುಕಿದವರನ್ನು ನಾನು ಕಾಣೆ!

ಕೊನೆಯ ಪರೀಕ್ಷೆ ಮಾತ್ರ ಸೀರೆಯ ಮೇಲೆ. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಗೆ ಕೈಯಿಂದ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದೇ ಕೊಂಡಿ. ಅತ್ತೆ ಮದುವೆಯಾಗಿ ಬಂದ ಹೊಸತರಲ್ಲಿ ನೇಯ್ದ ಒಂದು ಸೀರೆಯನ್ನು ಮಾಮಾ ಮಾರಲು ಬಿಟ್ಟಿರಲಿಲ್ಲ. ಅದನ್ನೇ ಹಲಗೆಯ ಮೇಲೆ ಹಾಸಿ, ಇಲಿಯನ್ನು ಒಡಲಿನಿಂದ ಹೊರಡಿಸಿ, ಕೊಂಡಿ ದಾಟಿಸಿ, ಸೆರಗಿಗೆ ಮುಟ್ಟಿಸುವುದು. ಹತ್ತಿ ಹೋಗಿ ರೇಷ್ಮೆ ಬಂದಾಗಲೂ ಯಾವ ಕಣ್ಣು ಗಲಿಬಿಲಿಯಾಗುವುದಿಲ್ಲವೋ ಅದೇ ಖರೆ ಕಣ್ಣು!

ಹೊರಡುತ್ತಿದ್ದವು. ಚೆಂದ ಓಡುತ್ತಿದ್ದವು. ಕೊಂಡಿಯ ಒಂದು ಜಾಗ ಬಂದ ಕೂಡಲೇ ಬಾಣ ಟಣ್ಣನೆ ಹಾರಿ ಮುಂದೆ ಬೀಳುತ್ತಿತ್ತು.

"ಎಡವ್ತು! ನಪಾಸ್!"

ಅಗ್ಗದ್ದು ಎಡವಿತು, ತುಟ್ಟಿಯದೂ ಎಡವಿತು. ಎಲ್ಲವೂ ಅದೇ ಜಾಗದಲ್ಲಿ! ಮಾಮಾ ಕಂಪನಿಗಳಿಗೆಲ್ಲ ಬೈದರು. ಒಮ್ಮೆ ನಾನು, "ಸೀರಿಯೊಳಗಽ ಏನರ ಇರಬಹುದೇನ್ರಿ ಮಾಮಾ?" ಎಂದು ಕೇಳಿಬಿಟ್ಟೆ. ಅವರು ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

"ಏನಂದಿ? ನಿಮ್ಮತ್ತಿ ಹಾಕಿದ ಕೊಂಡಿಯೊಳಗ ತಪ್ಪಾ? ಜಪಾನಿನವರು ತಪ್ಪಿದ್ರ ತಪ್ಪಲಿ, ಅಕಿ ತಪ್ಪಂಗಿಲ್ಲ!"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಈ ಹುಚ್ಚು ಮನೆಯಲ್ಲೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಬಾದಾಮಿಯ ಬೀಗರ ಮನೆಯ ಕುಬುಸದ, ಅಂದರೆ ಸೀಮಂತದ, ದಿನ ಮಾಮಾ ಒಬ್ಬ ಹಿರಿಯ ಹೆಂಗಸಿನ ಸೆರಗನ್ನು ಕೈಯಲ್ಲಿ ಹಿಡಿದು, ಕೊಂಡಿ ಸವರಿ, "ಇದರ ಮ್ಯಾಲೆ ಇಲಿ ಭಾಳ ಛಂದ ಓಡತೈತ್ರಿ!" ಎಂದುಬಿಟ್ಟರು. ಆಕೆ ಕಿರುಚಿದ್ದು ಅಗಸ್ತ್ಯ ತೀರ್ಥದ ಆಚೆ ದಡಕ್ಕೂ ಕೇಳಿರಬೇಕು! ಇಲಿ ಎಂದರೆ ಯಾವ ಇಲಿ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅರ್ಧ ಪಂಕ್ತಿ ಎದ್ದು ನಿಂತಿತ್ತು.

ಅವತ್ತು ಬಸ್ಸಿನಲ್ಲಿ ಅತ್ತೆ ನೇರವಾಗಿ ಕೇಳಿದರು. "ನನ್ನ ಕುಣಿ ನನಗ ಯಾವಾಗ ಕೊಡ್ತೀರಿ? ಮಗ್ಗ ಬಿಟ್ಟು ನನ್ನ ಕೈ ಜಡ್ಡಾಗ್ಯಾವ."

ಬಾಗಲಕೋಟೆಯ ನವನಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದವರು ಅದೇ ತಿಂಗಳು ಬಂದೂಕಿನ ಆಟದ ಪಂದ್ಯ ಇಟ್ಟಿದ್ದರು. ಮಾಮಾ ಎದೆಯುಬ್ಬಿಸಿ ಹೇಳಿದರು: "ಆ ಪಂದ್ಯ ಸೋತ್ರ ಇಲಿ ಎಲ್ಲಾ ಹಳೇ ಸಾಮಾನಿನ ಮೋಡಕಾ ಅಂಗಡಿಗಿ, ಕುಣಿ ನಿಂದು. ಗೆದ್ರ?"

"ಗೆದ್ರ ಕುಣಿ ನಿಮ್ದಽ. ನಾ ಇನ್ನ ಬಾಯಿ ತೆಗ್ಯಂಗಿಲ್ಲ" ಎಂದರು ಅತ್ತೆ, ಕಿಟಕಿಯ ಹೊರಗೆ ನೋಡುತ್ತ.

ಪಂದ್ಯದ ದಿನ ನಾವೆಲ್ಲ ನೆರೆದೆವು. ನಮ್ಮ ಮನೆ ಇದ್ದದ್ದೂ ನವನಗರದಲ್ಲೇ, ಹಳೆಯ ಬಾಗಲಕೋಟೆಗೆ ಅಣೆಕಟ್ಟಿನ ನೀರು ಹೊಕ್ಕ ಮೇಲೆ ಬಂದದ್ದು. ಸಭಾಂಗಣದ ತುಂಬ ಇಂಜಿನಿಯರಿಂಗ್ ಹುಡುಗರು, ಒಬ್ಬೊಬ್ಬರ ಕೈಯಲ್ಲೂ ಬಣ್ಣಬಣ್ಣದ ದೀಪದ ತುಟ್ಟಿ ಇಲಿ. ನಡುವೆ ಧೋತರ ಉಟ್ಟ ಮಾಮಾ, ಬಗಲಲ್ಲಿ ಸೀರೆಯ ಗಂಟು! "ಅಂಕಲ್, ಮಗನ್ನ ಬಿಡಾಕ ಬಂದೀರೇನ್ರಿ?" ಎಂದು ಯಾರೋ ಕೇಳಿದರು.

ಆದರೆ ಮೇಜು ಯಾವುದರದು? ನಮ್ಮ ಇಳಕಲ್ಲಿನದೇ ಕೆಂಪು ಕಲ್ಲು, ಮುಖ ಕಾಣುವಷ್ಟು ಪಾಲಿಶ್! ಇಲಿಯ ಕೆಳಗೆ ಹಾಸುವ ಪ್ಯಾಡು ತರದೆ ಬಂದಿದ್ದ ಹುಡುಗರ ಇಲಿಗಳೆಲ್ಲ ಅದರ ಮೇಲೆ ದಿಕ್ಕು ತಪ್ಪಿದವು. ಮಾಮಾ ನಿಧಾನಕ್ಕೆ ಸೀರೆ ಹಾಸಿದರು.

"ಸೀರಿ ಹಾಸಂಗಿಲ್ರಿ" ಎಂದ ಪಂದ್ಯ ನಡೆಸುವವನು.

"ನಿಮ್ಮ ಪ್ಯಾಡ್ ನೀವಽ ತರ್ರಿ ಅಂತ ನೀವಽ ಹೇಳೀರಿ. ಇದು ನಮ್ಮ ಪ್ಯಾಡು. ಉದ್ದಕ ಐತಿ, ಅಷ್ಟ."

ಒಬ್ಬೊಬ್ಬರಾಗಿ ಉದುರಿದರು! ಮಾಮಾ ಪ್ರತಿ ಗುಂಡಿಗೂ "ಸರಿಯಪಾ, ಸರಿಯಪಾ" ಎನ್ನುವರು. ಎದುರಾಳಿ ಸರಿಯುವಷ್ಟರಲ್ಲಿ ಸತ್ತಿರುವನು. ಕೊನೆಗೆ ಉಳಿದವನೊಬ್ಬನೇ, ಕಾಲೇಜಿನ ಹೀರೋ. ಅವನ ಇಲಿ ಕಲ್ಲಿನ ಮೇಲೆ ಒದ್ದಾಡುವುದನ್ನು ಮಾಮಾ ನೋಡಿದರು. ನೋಡಿಯೂ ಸುಮ್ಮನಿದ್ದರೆ ಅವರು ನಮ್ಮ ಮಾಮಾ ಹೇಗಾದಾರು? "ತಮ್ಮಾ, ಸೀರಿ ಬೇಕಾದಷ್ಟ ಉದ್ದ ಐತಿ. ಆ ತುದಿ ನೀ ತಗೋ" ಎಂದು ಎದುರಿನ ಮೇಜಿಗೆ ದಾಟಿಸಿದರು. ಕುಣಿಯ ಹಣೆಬರಹ ತೂಗಾಡುತ್ತಿರುವಾಗ ವೈರಿಗೆ ಅರ್ಧ ಸೀರೆ! ಅವ್ವ ತಲೆ ಚಚ್ಚಿಕೊಂಡಳು.

ಈಗ ಇಬ್ಬರದೂ ಸಮಸಮ. ಕೊನೆಯ ಸುತ್ತಿನಲ್ಲಿ ಹುಡುಗ ಗೋಡೆಯ ಮರೆಯಿಂದ ಹೊರಬಿದ್ದು ಗುರಿಯಿಟ್ಟ. ಮಾಮಾ ಗಾಬರಿಯಿಂದ ಇಲಿ ಎಳೆದರು. ಒಡಲು ಮುಗಿಯಿತು, ಕೊಂಡಿ ಬಂತು, ಅದೇ ಜಾಗ ಬಂತು. ಇಲಿ ಎಡವಿತು! ಬಾಣ ಟಣ್ಣನೆ ಹಾರಿ ನೇರ ಹುಡುಗನ ಹಣೆಯ ಮೇಲೆ ಕೂತಿತು. ಮಾಮಾನ ಬೆರಳು ಒತ್ತಿತು.

ಸಭಾಂಗಣ ಹಾರಿಹೋಗುವಂಥ ಕೂಗು! ಸೋತ ಹುಡುಗನೇ ಮಾಮಾನನ್ನು ಎತ್ತಿ ಕುಣಿದಾಡಿದ. ಹಿಂದಿನ ಸಾಲಿನಲ್ಲಿ ಅತ್ತೆ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ನಗುತ್ತಿದ್ದರು.

ಸಂಜೆ ನಮ್ಮ ಮನೆಯಲ್ಲಿ ಹೋಳಿಗೆ. ಪಂದ್ಯದಲ್ಲಿ ಗೆದ್ದ ಕಪ್ ಎದುರಿಗಿದ್ದರೂ ಮಾಮಾನ ಮುಖದಲ್ಲಿ ಕೊರಗು. "ಗೆದ್ದೆ ಖರೆ. ಆದ್ರ ಆ ಇಲಿ ಕಡೀಕೂ ಎಡವ್ತಲ್ಲ! ಈ ಕೊಂಡಿ ದಾಟೂ ಇಲಿ ಇನ್ನೂ ಹುಟ್ಟಿಲ್ಲ ನೋಡ್ರಿ."

ಅತ್ತೆ ಸೀರೆ ತೆಗೆದುಕೊಂಡು ಆ ಜಾಗಕ್ಕೆ ಬೆರಳಿಟ್ಟರು.

"ಇಲಿಗೆ ಬೈಬ್ಯಾಡ್ರಿ. ಇಲ್ಲೊಂದು ಗಂಟೈತಿ. ಎಳಿ ತಪ್ಪಿ, ಮ್ಯಾಲಿಂದ ಗಂಟ ಹಾಕೇನಿ."

ಮಾಮಾ ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಗೆ ಇಟ್ಟರು.

"ಲಗ್ನ ಆದ ಹೊಸದು. ಹೊರಗ ನಿಮ್ಮ ಸೈಕಲ್ ಗಂಟಿ ಕೇಳ್ತು. ನೀವು ಬಂದ್ರಿ ಅಂತ ತಲಿ ಎತ್ತಿ ನೋಡಿದೆ. ಅಷ್ಟರಾಗ ಎಳಿ ತಪ್ಪಿತ್ತು." ಅತ್ತೆ ಸೀರೆ ಮಡಚತೊಡಗಿದರು. "ನನ್ನ ಕೈ ತಪ್ಪಂಗಿಲ್ಲ ಅಂತ ಊರ ತುಂಬ ಹೇಳ್ಕೋತ ಹೋದ್ರಿ. ನಾ ಹೆಂಗ ಹೇಳ್ಲಿ?"

ಲೋಕದ ಕಂಪನಿಗಳನ್ನೆಲ್ಲ ನಪಾಸು ಮಾಡಿದ ಮನುಷ್ಯ ಸೀರೆಗೆ ಕೈ ಚಾಚಿ, ಆ ಗಂಟನ್ನು ಹುಡುಕಿ, ಹೆಬ್ಬೆರಳಿನಿಂದ ಸವರಿದರು.

"ಹಂಗಾರ ಎಲ್ಲಾ ಇಲಿನೂ ಪಾಸ್" ಎಂದರು.

ಗೆದ್ದವರು ಮಾಮಾ, ಮಾತಿನ ಪ್ರಕಾರ ಕುಣಿಯೂ ಅವರದೇ. ಆದರೆ ಮರುವಾರ ನಾನು ಇಳಕಲ್ಲಿಗೆ ಹೋದಾಗ ಕುಣಿಯ ಮೇಲೆ ಮಗ್ಗ ನಿಂತಿತ್ತು. ಕಂಪ್ಯೂಟರು ಅಡುಗೆಮನೆಯಲ್ಲಿ, ರೊಟ್ಟಿ ಬುಟ್ಟಿಯ ಪಕ್ಕ. ಅತ್ತೆ ಕಾಲು ಇಳಿಬಿಟ್ಟು ಕೊಂಡಿ ಹಾಕುತ್ತಿದ್ದರು, ಒಂದೊಂದೇ ಎಳೆ. ಅಷ್ಟರಲ್ಲಿ ಓಣಿಯ ತುದಿಯಿಂದಲೇ ಟ್ರಿಣ್ ಟ್ರಿಣ್ ಎಂಬ ಸದ್ದು. ಮಾಮಾ ಸೈಕಲ್ಲಿಗೆ ಹೊಸ ಗಂಟೆ ಹಾಕಿಸಿದ್ದರು.

"ಸಾಕ ಮಾಡ್ರೀ! ಎಳಿ ತಪ್ಪತೈತಿ!" ಎಂದು ಅತ್ತೆ ಕೂಗಿದರು.

ಕೂಗುವ ಮೊದಲೇ ಅವರು ತಲೆ ಎತ್ತಿ ಬಾಗಿಲ ಕಡೆ ನೋಡಿದ್ದರು.