ಅನ್ನಕ್ಕೆ ಹನ್ನೊಂದು ಪುಟ

ಅಡುಗೆ ಮಾಡುವವರೆಲ್ಲ ಒಂದು ದೊಡ್ಡ ತಪ್ಪು ಮಾಡುತ್ತಾರೆ: ಒಲೆಯ ಮುಂದೆ ಸುಮ್ಮನೆ ನಿಲ್ಲುತ್ತಾರೆ. ಹೀಗೆ ನಿಂತು ವರ್ಷಕ್ಕೆ ಕನಿಷ್ಠ ನೂರು ಗಂಟೆ ಹಾಳುಮಾಡುತ್ತಾರೆ. ನೂರು ಗಂಟೆ! ಅಷ್ಟರಲ್ಲಿ ಒಂದು ಕಪಾಟು ಪುಸ್ತಕ ಓದಿ ಮುಗಿಸಬಹುದು. ಮನುಕುಲವನ್ನು ಈ ಅಪವ್ಯಯದಿಂದ ಪಾರುಮಾಡಲೆಂದೇ ನಾನು ಜನ್ಮವೆತ್ತಿದ್ದೇನೆ ಎಂಬ ಸತ್ಯ ಒಂದು ಭಾನುವಾರ ಸಂಜೆ ನನಗೆ ಹೊಳೆಯಿತು.

ಹೊಳೆಯುವುದಕ್ಕೆ ಕಾರಣ ಅಷ್ಟು ಘನವಾದದ್ದೇನಲ್ಲ. ನಮ್ಮ ಊಟದ ಮೇಜಿನ ಮುಕ್ಕಾಲು ಭಾಗ ನನ್ನ ಅರ್ಧ ಓದಿದ ಪುಸ್ತಕಗಳ ಸುಪರ್ದಿನಲ್ಲಿತ್ತು. ಉಳಿದ ಕಾಲುಭಾಗದಲ್ಲಿ ನಾನು, ಹೆಂಡತಿ, ಮಗಳು ಮೊಣಕೈಗೆ ಮೊಣಕೈ ತಾಗಿಸಿಕೊಂಡು ಉಣ್ಣುತ್ತಿದ್ದೆವು. ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಕನ್ನಡಕದ ನಂಬರ್ ನೋಡುವವಳು. ದಿನವಿಡೀ ಕಂಡವರಿಂದ ಅಕ್ಷರ ಓದಿಸಿ ಬರುವ ಅವಳಿಗೆ ಮನೆಯಲ್ಲಿ ಅಕ್ಷರ ಕಂಡರೆ ಮೈಯೆಲ್ಲ ಉರಿ.

"ಈ ಶುಕ್ರವಾರಕ್ಕೆ ಇವೆಲ್ಲ ಪೆಟ್ಟಿಗೆ ಸೇರಬೇಕು," ಎಂದಳು.

"ಓದೋದಕ್ಕೆ ಬೇರೆ ಹೊತ್ತೇ ಇಲ್ಲ ಕಣೇ."

"ನಂಗೆ ಕೂತ್ಕೊಳ್ಳೋದಕ್ಕೇ ಹೊತ್ತಿಲ್ಲ. ಏಳಕ್ಕೆ ಮನೆಗೆ ಬಂದು ಏಳೂವರೆಗೆ ಅಡುಗೆ ಮಾಡೋದು ಯಾರು, ನಿಮ್ಮ ಪುಸ್ತಕಾನಾ?"

"ಹೌದು! ಐದು ದಿನ ಅಡುಗೆ ನನ್ನದು. ಓದುತ್ತಲೇ ಮಾಡ್ತೀನಿ. ಗೆದ್ದರೆ ಮೇಜು ನನ್ನದು!"

"ಸೋತ್ರೆ?"

"ಸೋಲೋ ಮಾತೇ ಇಲ್ಲ."

"ಸೋತ್ರೆ ಪುಸ್ತಕ ಮನೆಯಿಂದಾಚೆ," ಎಂದು ಅವಳೇ ಕರಾರು ಮುಗಿಸಿದಳು.

ನಾನು ವಿಮಾ ಕಚೇರಿಯವನು. ಯಾವುದಕ್ಕೂ ಒಂದು ಕೋಷ್ಟಕ ಬೇಕು. ಕೈಯಲ್ಲಿದ್ದದ್ದು ನಿವೃತ್ತ ಸೇತುವೆ ಎಂಜಿನಿಯರೊಬ್ಬರ ಆತ್ಮಕಥೆ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಏರಿಳಿತವೇ ಇಲ್ಲ. ಒಂದು ಪುಟಕ್ಕೆ ಸರಿಯಾಗಿ ಒಂದೂವರೆ ನಿಮಿಷ. ಮೊಟ್ಟೆಗೆ ಆರು ಪುಟ, ಹುರುಳಿಕಾಯಿ-ಆಲೂಗಡ್ಡೆಗೆ ಹತ್ತು, ಅನ್ನಕ್ಕೆ ಹನ್ನೊಂದು ಎಂದು ಚೀಟಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

"ಫೋನಲ್ಲಿ ಅಲಾರಂ ಇದೆಯಲ್ಲ ಅಪ್ಪ?" ಎಂದಳು ಮಗಳು.

"ಅಲಾರಂ ವಾಕ್ಯದ ನಡುವೆ ಬಡಿದುಕೊಳ್ಳುತ್ತೆ, ಪುಟ್ಟಿ. ಪುಟಕ್ಕೆ ಆ ಅವಿವೇಕ ಇಲ್ಲ!"

ಸೋಮವಾರ, ಮಂಗಳವಾರ, ಬುಧವಾರ ನನ್ನ ಪಾಕಶಾಸ್ತ್ರದ ಸುವರ್ಣಯುಗ. ಎಂಜಿನಿಯರ್ ಮೂರು ಸೇತುವೆ ಕಟ್ಟಿ ನಿವೃತ್ತರಾಗುವಷ್ಟರಲ್ಲಿ ನಾನು ಮೂರು ರಾತ್ರಿಯ ಊಟ ಬಡಿಸಿದ್ದೆ. ಬುಧವಾರ ಹೆಂಡತಿ ಎರಡನೇ ಸಲ ಅನ್ನ ಹಾಕಿಸಿಕೊಂಡಳು. ಕಚೇರಿಯಲ್ಲಿ ಪಕ್ಕದ ಮೇಜಿನವರಿಗೆ ಈ ಪದ್ಧತಿಯನ್ನು ಬೋಧಿಸಲೂ ತೊಡಗಿದೆ. ಗೆದ್ದ ಎತ್ತಿನ ಬಾಲ ಹಿಡಿಯಲು ಇಬ್ಬರು ಸಿದ್ಧರೂ ಆದರು.

ಗುರುವಾರ ಆತ್ಮಕಥೆ ಮುಗಿದಿತ್ತು. ಕೈಗೆ ಸಿಕ್ಕಿದ್ದು ಒಂದು ಪತ್ತೇದಾರಿ ಕಾದಂಬರಿ. ಎರಡನೇ ಪುಟದಲ್ಲೇ ಹೆಣ! ಐದನೇ ಪುಟದಲ್ಲಿ ಇನ್ನೊಂದು! ಹನ್ನೊಂದು ಪುಟ ಯಾವಾಗ ಸರಿದವೋ ದೇವರೇ ಬಲ್ಲ. ಚೀಟಿಯ ಪ್ರಕಾರ ಒಲೆ ಆರಿಸಿ ಬಡಿಸಿದೆ.

"ಅಪ್ಪ, ಅನ್ನ ಕಟಕಟ ಅನ್ನುತ್ತೆ."

"ಅಕ್ಕೀನ ತೊಳೆದು ಬಿಸಿ ಮಾಡಿದ್ದಾರೆ ಅಷ್ಟೇ, ಪುಟ್ಟಿ. ಬೇಯಿಸೋದು ಮುಂದಿನ ಅಧ್ಯಾಯದಲ್ಲಿರಬೇಕು," ಎಂದಳು ಹೆಂಡತಿ. ಆಮೇಲೆ ಕರುಣೆ ತೋರಿ ತೀರ್ಪು ಕೊಟ್ಟಳು: "ನಾಳೆ ಅಮ್ಮ ಬರ್ತಾರೆ. ಅವರು ತಟ್ಟೆ ಖಾಲಿ ಮಾಡಿದ್ರೆ ಪುಸ್ತಕ ಉಳೀತು. ಇಲ್ಲಾಂದ್ರೆ ಪೆಟ್ಟಿಗೆ ಹಗ್ಗ ನಾನೇ ಕಟ್ತೀನಿ."

ರಾತ್ರಿಯೆಲ್ಲ ಯೋಚಿಸಿದೆ. ಪದ್ಧತಿಯಲ್ಲಿ ದೋಷವಿಲ್ಲ, ಪುಸ್ತಕದಲ್ಲಿದೆ! ಮತ್ತೆ ಎಂಜಿನಿಯರಿಗೇ ಶರಣು ಹೋಗೋಣವೆಂದರೆ, ಒಮ್ಮೆ ಓದಿದ್ದನ್ನು ಕಣ್ಣು ಓಡುತ್ತಾ ಓದುತ್ತದೆ. ಅದೇ ಪುಸ್ತಕ ಬೇಕು, ಆದರೆ ಹೊಸ ಕಣ್ಣು ಬೇಕು.

ಶುಕ್ರವಾರ ಆರೂವರೆಗೆ ಹೊಸ ಕಣ್ಣು ಮನೆಗೆ ಬಂತು. ಹುರುಳಿಕಾಯಿ-ಆಲೂಗಡ್ಡೆಯನ್ನು ಒಲೆಗೇರಿಸಿ, ಅಡುಗೆಮನೆಯಲ್ಲೇ ಅತ್ತೆಗೆ ಕುರ್ಚಿ ಹಾಕಿ, ಪುಸ್ತಕ ಕೈಗಿತ್ತೆ.

"ಹತ್ತು ಪುಟ ಓದಿ ಅತ್ತೆ. ಮುಗಿದ ಕೂಡಲೇ ಹೇಳಿ, ಒಲೆ ಆರಿಸ್ತೀನಿ."

"ಇದೆಂಥ ಪರೀಕ್ಷೆ ಅಳಿಯಂದಿರೇ? ಆಗ್ಲಿ, ಓದ್ತೀನಿ. ಹೇಗೂ ನಂಗೆ ಹಗಲೂ ನಿದ್ದೆ ಇಲ್ಲ, ರಾತ್ರೀನೂ ಇಲ್ಲ."

ನಾನು ಮೇಜು ಅಣಿಮಾಡಲು ಹೋದೆ. ಅಲ್ಲಿ ಪತ್ತೇದಾರ ಕಾದಿದ್ದ. ಕೊಲೆಗಾರ ಯಾರೆಂದು ಇನ್ನೂ ತಿಳಿದಿರಲಿಲ್ಲ. ನಿಂತಲ್ಲೇ ಒಂದೇ ಒಂದು ಪುಟ ನೋಡೋಣವೆಂದು ತೆರೆದೆ.

"ಅತ್ತೆ, ಎಷ್ಟನೇ ಪುಟ?"

"ಐದು."

ಸ್ವಲ್ಪ ಹೊತ್ತಿನ ಮೇಲೆ, "ಈಗ?"

"ಏಳು..."

ಮತ್ತೆ ಕೂಗಿದೆ. ಉತ್ತರವಿಲ್ಲ. ತಲ್ಲೀನರಾಗಿ ಓದುತ್ತಿರುವವರನ್ನು ಪದೇಪದೇ ಮಾತಾಡಿಸುವುದು ಅಸಭ್ಯತೆ. ಆ ನೋವು ನನಗಿಂತ ಚೆನ್ನಾಗಿ ಬಲ್ಲವರು ಯಾರು? ನನ್ನ ಪುಟ ತಿರುವಿದೆ. ಪತ್ತೇದಾರ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂಡಿಸಿ, ಬಾಗಿಲಿಗೆ ಅಗುಳಿ ಹಾಕಿ, "ಕೊಲೆಗಾರ ನಮ್ಮ ನಡುವೆಯೇ ಇದ್ದಾನೆ" ಎನ್ನುವ ಹೊತ್ತಿಗೆ ನಮ್ಮ ಮನೆಯ ಬಾಗಿಲು ತೆರೆಯಿತು.

"ಏನ್ರೀ ಸೀದಿರೋದು!"

ಹೆಂಡತಿ ಚಪ್ಪಲಿಯಲ್ಲೇ ಒಳಗೋಡಿ ಒಲೆ ಆರಿಸಿದಳು. ಪಾತ್ರೆಯಲ್ಲಿ ಹುರುಳಿಕಾಯಿ ಯಾವುದು, ಆಲೂಗಡ್ಡೆ ಯಾವುದು ಎಂದು ಪತ್ತೇದಾರನೂ ಹೇಳಲಾರ. ಪಕ್ಕದ ಕುರ್ಚಿಯಲ್ಲಿ ಅತ್ತೆ, ಮೂಗಿನ ತುದಿಗೆ ಕನ್ನಡಕ, ಏಳನೇ ಪುಟದ ಮೇಲೆ ಬೆರಳು, ಗೊರ್ ಗೊರ್ ಎಂದು ಸೇತುವೆ ಕಟ್ಟುತ್ತಿದ್ದರು.

ಬೈಯಲು ಬಾಯ್ತೆರೆದ ಹೆಂಡತಿ ಹಾಗೇ ನಿಂತಳು. "ಅಮ್ಮ ಮಲಗಿದ್ದಾರೆ!" ಎಂದು ಪಿಸುಗುಟ್ಟಿದಳು. "ಆರು ತಿಂಗಳಿಂದ ಕಣ್ಣು ಮುಚ್ಚಿರಲಿಲ್ಲ, ರೀ."

"ಹಾಗಾದ್ರೆ ನಾನು—"

"ಮೆತ್ತಗೆ! ನಿಮಗೆ ಬುದ್ಧಿ ಇದೆಯಾ?" ಇದೂ ಪಿಸುಮಾತಿನಲ್ಲೇ. ಆ ರಾತ್ರಿ ನಾನು ಪೂರ್ತಿ ಇಪ್ಪತ್ತು ನಿಮಿಷ ಪಿಸುಮಾತಿನಲ್ಲಿ ಬೈಸಿಕೊಂಡೆ. ಕಿರುಚಿ ಬೈದರೆ ಒಂದು ಅಕ್ಷರವೂ ತಾಗುವುದಿಲ್ಲ. ಪಿಸುಗುಟ್ಟಿದರೆ ಪ್ರತಿ ಅಕ್ಷರವೂ ಸ್ಪಷ್ಟ! ಮೂವರೂ ತುದಿಗಾಲಲ್ಲಿ ನಿಂತು ಮೊಟ್ಟೆ ತಿಂದೆವು.

ಒಂಬತ್ತಕ್ಕೆ ಅತ್ತೆ ಕಣ್ಣು ತೆರೆದು, "ಎಂಟು!" ಎಂದರು.

ತಟ್ಟೆ ಖಾಲಿಯಾಗುವ ಪ್ರಶ್ನೆಯೇ ಬರಲಿಲ್ಲ, ತುಂಬಿದ್ದರಲ್ಲವೇ? ಹೆಂಡತಿ ಹಗ್ಗ ತಂದಳು. ಅತ್ತೆ ಕೈ ಅಡ್ಡ ಹಿಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಸದ್ಯ, ಒಬ್ಬರಾದರೂ ಓದಿನ ಬೆಲೆ ಬಲ್ಲವರು!

"ಪೆಟ್ಟಿಗೆ ಗುಜರಿಗೆ ಹಾಕ್ಬೇಡ ಮಗಳೇ. ನನ್ನ ಮನೆಗೆ ಕಳ್ಸು. ಇಂಥ ಔಷಧಿ ಯಾವ ಡಾಕ್ಟರೂ ಬರ್ಕೊಟ್ಟಿರಲಿಲ್ಲ."

ಮೂರು ಪೆಟ್ಟಿಗೆಗಳನ್ನು ನಾನೇ ಹೊತ್ತು ಅವರ ಮನೆಯ ನಾಲ್ಕನೇ ಮಹಡಿಗೆ ಹತ್ತಿಸಿದೆ. ವಾರ ಕಳೆದ ಮೇಲೆ ಫೋನ್ ಬಂತು.

"ಅಳಿಯಂದಿರೇ, ಎಂಜಿನಿಯರ್ ಪರವಾಗಿಲ್ಲ, ಏಳು ಪುಟಕ್ಕೆ ಕೆಲಸ ಮಾಡ್ತಾರೆ. ಆದ್ರೆ ಮೂರನೇ ಪೆಟ್ಟಿಗೆ ತಳದಲ್ಲಿ ರಟ್ಟು ಕಿತ್ತುಹೋದ ಒಂದು ತೆಳ್ಳಗಿನ ಪದ್ಯದ ಪುಸ್ತಕ ಇದೆ ನೋಡಿ, ಅದ್ಭುತ! ಎರಡೇ ಸಾಲು! ಬೆಳಗ್ಗೆ ಹಾಲಿನವನು ಬಾಗಿಲು ಬಡಿದ್ರೂ ಎಚ್ಚರ ಇಲ್ಲ."

ಎಂಟು ವರ್ಷದ ಹಿಂದೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ನನ್ನ ಏಕಮಾತ್ರ ಕವನ ಸಂಕಲನ ಅದು. ಮುನ್ನೂರು ಪ್ರತಿಗಳಲ್ಲಿ ಇನ್ನೂರ ಎಂಬತ್ತು ಇನ್ನೂ ನಮ್ಮ ಮಂಚದ ಕೆಳಗಿವೆ.

"ಇನ್ನೂ ಪ್ರತಿ ಸಿಗುತ್ತಾ? ನಮ್ಮ ಮಹಡಿಯಲ್ಲೇ ನಾಲ್ಕು ಜನ ಕೇಳ್ತಿದ್ದಾರೆ."

ಏನೇ ಇರಲಿ, ನಾಲ್ಕು ಜನ ಓದುಗರು! ಎದೆಯುಬ್ಬಿಸಿ ಹೇಳಿದೆ: "ಇವತ್ತೇ ಕಳಿಸ್ತೀನಿ ಅತ್ತೆ! ಒಬ್ಬೊಬ್ಬರಿಗೂ ಸಹಿ ಹಾಕಿ—"

"ಸಹಿಗಿಹಿ ಬೇಡ. ಅದರ ಮೇಲೆ ಇಷ್ಟು ಬರ್ದು ಕಳ್ಸಿ ಸಾಕು: ಊಟಕ್ಕೆ ಮುಂಚೆ ಓದ್ಬೇಕೋ, ಊಟ ಆದ್ಮೇಲೋ?"